ಬಿಳಿ ಶರ್ಟು, ಬಿಳಿ ಪ್ಯಾಂಟು, ಮಗಳ ಕರಿ ಕಾರು

ಮೊನ್ನೆ ಒಗೆಯಲು ಹಾಕುವ ಮುಂಚೆ ನನ್ನ ಬಿಳಿ ಪ್ಯಾಂಟಿನ ಜೇಬು ತಡಕಿದ ಸರೋಜ, ಗುಲಾಬಿ ಬಣ್ಣದ ಹರಿದ ಚೀಟಿಯೊಂದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, “ಇದನ್ನ ಎಸೀಲೋ, ಫ್ರೇಮ್ ಹಾಕಿಸ್ಲೋ?” ಎಂದು ಕೇಳಿದಳು. ಗಂಡನ ಜೇಬಿನಲ್ಲಿ ಗುಲಾಬಿ ಚೀಟಿ ಸಿಕ್ಕಿದರೆ ಮನೆಯಲ್ಲಿ ಒಂದು ಸಣ್ಣ ರಂಪವಾದರೂ ಆಗಬೇಕು. ನನ್ನ ಹಣೆಯಲ್ಲಿ ಆ ಭಾಗ್ಯವೂ ಬರೆದಿಲ್ಲ. ಚೀಟಿಯ ಮೇಲೆ ‘ಡ್ರೈವರ್, ಒಂದು ಪ್ಲೇಟ್’ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಅರ್ಧ ಹರಿದಿತ್ತು, ಅಂದರೆ ಆ ಒಂದು ಪ್ಲೇಟನ್ನು ನಾನು ತಿಂದಿದ್ದೇನೆ ಎನ್ನುವುದಕ್ಕೆ ಸಾಕ್ಷಿಯೂ ಇತ್ತು.

ಮುಂಬಯಿಯ ಫೋರ್ಟಿನ ಬ್ಯಾಂಕೊಂದರಲ್ಲಿ ಮೂವತ್ತೈದು ವರ್ಷ ಕೂತು, ಮ್ಯಾನೇಜರಾಗಿ ನಿವೃತ್ತನಾಗಿ, ಗೋರೆಗಾಂವಿನಲ್ಲಿ ಸ್ವಂತ ಮನೆ ಮಾಡಿಕೊಂಡು, ದಿನಾ ಬೆಳಿಗ್ಗೆ ವಾಕಿಂಗ್ ಹೋಗಿಬರುವ ಈ ಮನುಷ್ಯನಿಗೆ ಆ ಚೀಟಿ ಎಲ್ಲಿಂದ ಬಂತು ಅಂತ ನೀವು ಕೇಳಬೇಕು. ಕೇಳದಿದ್ದರೂ ಹೇಳುತ್ತೇನೆ. ಆದರೆ ಅದಕ್ಕೂ ಮುಂಚೆ ಈ ಊರಿನ ಕಾರುಗಳ ಮೇಲೆ ನನಗಿರುವ ಸಿಟ್ಟನ್ನು ಸ್ವಲ್ಪ ಇಳಿಸಿಕೊಳ್ಳಬೇಕು, ಇಲ್ಲದಿದ್ದರೆ ಕತೆ ನೆಟ್ಟಗೆ ಸಾಗುವುದಿಲ್ಲ.

ನಮ್ಮ ಬಿಲ್ಡಿಂಗಿನಲ್ಲಿ ಮನುಷ್ಯರಿಗೆ ಹೆಸರಿಲ್ಲ. ಇರುವುದು ಕಾರುಗಳಿಗೆ ಮಾತ್ರ. “ಸಫೇದ್ ಬಡಾ ಗಾಡಿಗೆ ಕೊರಿಯರ್ ಬಂದಿದೆ” ಅಂತ ಗೇಟಿನಿಂದ ಇಂಟರ್‌ಕಾಮಿನಲ್ಲಿ ಕೂಗಿದರೆ ಐದನೇ ಮಹಡಿಯ ವಕೀಲರು ಇಳಿದು ಬರುತ್ತಾರೆ. ನಾನು ‘ಲಾಲ್ ಛೋಟಾ’. ನನ್ನ ಕಾರಿಗೆ ಹದಿನಾಲ್ಕು ವರ್ಷ. ಕೊಂಡಾಗ ಕೆಂಪಗಿತ್ತು, ಈಗ ಒಗೆದೂ ಒಗೆದೂ ಬಣ್ಣ ಬಿಟ್ಟ ಲಂಗದ ಹಾಗೆ ಕಾಣುತ್ತದೆ. ಓಡುತ್ತದೆ, ನಿಲ್ಲಿಸಿದರೆ ನಿಲ್ಲುತ್ತದೆ, ಕಾರಿನಿಂದ ಇದಕ್ಕಿಂತ ಹೆಚ್ಚು ನಾನು ಕೇಳಿದವನಲ್ಲ. ಆದರೆ ಅದರಲ್ಲಿ ಬಂದಾಗ ವಾಚ್‌ಮನ್ ಕುರ್ಚಿ ಬಿಟ್ಟು ಏಳುವುದಿಲ್ಲ, ಕೂತಲ್ಲಿಂದಲೇ ಕಾಲಿನಲ್ಲಿ ಗೇಟು ನೂಕುತ್ತಾನೆ. ಹಿಂದೆಯೇ ವಕೀಲರ ಗಾಡಿ ಬಂದರೆ ಎದ್ದು, ಟೋಪಿ ಸರಿ ಮಾಡಿಕೊಂಡು, ಸಲಾಮು ಹೊಡೆಯುತ್ತಾನೆ. ಒಂದೇ ಗೇಟು, ಒಂದೇ ನಿಮಿಷ, ಇಬ್ಬರೂ ಕಟ್ಟುವ ಮೇಂಟೆನೆನ್ಸೂ ಒಂದೇ.

ಮೂರನೇ ಮಹಡಿಯಲ್ಲಿ ಇನ್ನೊಬ್ಬರಿದ್ದಾರೆ. ಸೋಮವಾರದಿಂದ ಶನಿವಾರದವರೆಗೆ ಲೋಕಲ್‌ನ ಬಾಗಿಲಿಗೆ ಜೋತುಬಿದ್ದು ಆಫೀಸಿಗೆ ಹೋಗುತ್ತಾರೆ. ಭಾನುವಾರ ಏಳು ಜನ ಕೂರುವ ಕಾರನ್ನು ಹೊರತೆಗೆದು, ಒಬ್ಬರೇ ಕೂತು, ಎರಡು ಗಲ್ಲಿಯಾಚೆ ಹೋಗಿ ಕೊತ್ತಂಬರಿ ಸೊಪ್ಪು ತರುತ್ತಾರೆ. ಎರಡು ವರ್ಷವಾದರೂ ಸೀಟಿನ ಪ್ಲಾಸ್ಟಿಕ್ ಬಿಚ್ಚಿಲ್ಲ. ಒಮ್ಮೆ ನನ್ನನ್ನೂ ಹತ್ತಿಸಿಕೊಂಡಿದ್ದರು. ಮೇ ತಿಂಗಳು. ಇಳಿಯುವಾಗ ಬೆನ್ನು ಆ ಪ್ಲಾಸ್ಟಿಕ್ಕಿಗೆ ಅಂಟಿ, ಬಿಡಿಸಿಕೊಂಡಾಗ ಆದ ಸದ್ದಿಗೆ ಅವರು ನನ್ನನ್ನೇ ಗುರಾಯಿಸಿದರು, ಪ್ಲಾಸ್ಟಿಕ್ ಹರಿಯಿತೋ ಏನೋ ಅಂತ. ಇನ್ನು ಹಿಂದಿನ ಗಾಜಿನ ಮೇಲಿನ ಬರಹಗಳ ವಿಷಯ ಎತ್ತಲೇಬಾರದು. ತಾಯಿಯ ಆಶೀರ್ವಾದ ಅಂತ ಒಬ್ಬರು ಬರೆಸಿದ್ದಾರೆ. ಅವರ ತಾಯಿ ಬಸ್‌ಸ್ಟಾಪಿನಲ್ಲಿ ನಿಂತಿದ್ದನ್ನು ನಾನೇ ಎರಡು ಸಲ ನೋಡಿದ್ದೇನೆ.

ಊರಿಗೆಲ್ಲ ಹಬ್ಬಿದ ಈ ಕಾಯಿಲೆ ನಮ್ಮ ಮನೆಗೆ ಬರುವುದಿಲ್ಲ ಅಂದುಕೊಂಡಿದ್ದು ನನ್ನ ಭ್ರಮೆ. ಒಬ್ಬಳೇ ಮಗಳು ಮೇಘಾ ಹಲ್ಲಿನ ಡಾಕ್ಟರು. ಕಳೆದ ವರ್ಷ ಅವಳೊಂದು ಕರಿ ಕಾರು ಕೊಂಡಳು. ಎಷ್ಟು ದೊಡ್ಡದೆಂದರೆ ಅದರೊಳಗೆ ಗಣಪತಿ ಕೂರಿಸಬಹುದು.

“ಇಷ್ಟು ದೊಡ್ಡದು ಯಾಕಮ್ಮ?” ಅಂದೆ.

“ಪೇಷಂಟ್ಸ್ ನೋಡ್ತಾರೆ ಅಪ್ಪ. ಡಾಕ್ಟರ್ ಛೋಟಾ ಗಾಡೀಲಿ ಬಂದ್ರೆ ಅವ್ರಿಗೆ ಟ್ರಸ್ಟೇ ಬರಲ್ಲ.”

“ಹಲ್ಲು ಕೀಳೋದು ನೀನೋ, ಕಾರೋ?”

“ಯೂ ವೋಂಟ್ ಅಂಡರ್‌ಸ್ಟ್ಯಾಂಡ್ ಅಪ್ಪ,” ಅಂದಳು. ಕನ್ನಡದಲ್ಲಿ ಸೋತಾಗಲೆಲ್ಲ ಅವಳು ಇಂಗ್ಲಿಷಿನಲ್ಲಿ ಗೆಲ್ಲುತ್ತಾಳೆ.

ಅರ್ಥವಾಗುವುದಿಲ್ಲ ಅಂದಳಲ್ಲ, ನನಗೆ ಅರ್ಥವಾದಷ್ಟು ಬಹುಶಃ ಅವಳಿಗೇ ಆಗಿರಲಿಕ್ಕಿಲ್ಲ. ಯಾಕೆಂದರೆ ನಮ್ಮಪ್ಪ ಡ್ರೈವರ್ ಆಗಿದ್ದರು. ಮಳವಳ್ಳಿಯಲ್ಲಿ, ನೀರಾವರಿ ಇಲಾಖೆಯ ಜೀಪಿಗೆ. ಸಾಯಂಕಾಲ ನಾಲೆಯ ಪಕ್ಕದಲ್ಲಿ ಅದನ್ನು ನಿಲ್ಲಿಸಿ, ತೆಂಗಿನ ನಾರಿನಿಂದ ಚಕ್ರ ಉಜ್ಜಿ, ಹೆಗಲ ಮೇಲಿನ ಟವಲಿನಿಂದ ಗಾಜು ಒರೆಸುತ್ತಿದ್ದರು. ನಮ್ಮ ಮುಖವನ್ನು ಅಷ್ಟು ಮುತುವರ್ಜಿಯಿಂದ ಅವರು ಎಂದೂ ಒರೆಸಿದ್ದಿಲ್ಲ. ಆ ಜೀಪನ್ನು ಮುಟ್ಟಿದರೆ ಬೆನ್ನ ಮೇಲೆ ಬೀಳುತ್ತಿತ್ತು. ಒಮ್ಮೆ ನಾನು ಹುಣಸೇ ಮರದಿಂದ ಬಿದ್ದು ಕೈ ಮುರಿದುಕೊಂಡಾಗ ಜೀಪು ಮನೆಯ ಮುಂದೆಯೇ ನಿಂತಿತ್ತು, ಅದರ ಬಾನೆಟ್ಟು ಇನ್ನೂ ಬಿಸಿಯಾಗಿತ್ತು. ಅಪ್ಪ ನನ್ನನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಆಸ್ಪತ್ರೆಗೆ ತುಳಿದರು. ಪ್ರತಿ ಹಳ್ಳಕ್ಕೂ ನಾನು ಚೀರುತ್ತಿದ್ದೆ. “ಅದು ಸಾಹೇಬ್ರ ಗಾಡಿ ಕಣೋ. ಸ್ಟೇರಿಂಗ್ ಅಷ್ಟೇ ನಮ್ದು,” ಅಂತ ದಾರಿಯುದ್ದಕ್ಕೂ ಹೇಳುತ್ತಲೇ ಇದ್ದರು. ಕೈ ನೋವಿಗಿಂತ ಆ ಮಾತೇ ನನಗೆ ಹೆಚ್ಚು ಉರಿಯಿತು.

ಆದರೂ ಗಾಡಿ ಓಡಿಸುವುದನ್ನು ನನಗೆ ಕಲಿಸಿದವರು ಅವರೇ. ಜಗಲಿಯ ಮೇಲೆ ಮಣೆ ಹಾಕಿ ಕೂರಿಸಿ, ಕೈಗೆ ಊಟದ ತಟ್ಟೆ ಕೊಟ್ಟು, ಅದನ್ನೇ ತಿರುಗಿಸು ಅನ್ನುತ್ತಿದ್ದರು. ಹಿಂದಕ್ಕೆ ಹೋಗುವಾಗ ಕನ್ನಡಿ ನಂಬಬೇಡ, ಕತ್ತು ತಿರುಗಿಸು ಅಂತ ತಲೆ ಹಿಡಿದು ತಿರುಗಿಸುತ್ತಿದ್ದರು. ಅಮ್ಮ ಬಂದು ತಟ್ಟೆ ಕಿತ್ತುಕೊಂಡು ಹೋದಾಗ ಆ ದಿನದ ಪಾಠ ಮುಗಿಯುತ್ತಿತ್ತು.

ಶಾಲೆಯಲ್ಲಿ ಆ ಜೀಪು ನಮ್ಮದೇ ಅಂತ ಹೇಳಿಕೊಂಡು ತಿರುಗುತ್ತಿದ್ದೆ. ಎಷ್ಟು ದಿನ ನಡೆದೀತು? ಐದನೇ ಕ್ಲಾಸಿನಲ್ಲಿ ಹೊಸ ಸಾಹೇಬರ ಮಗ ನಮ್ಮ ತರಗತಿಗೇ ಸೇರಿದ. ಮೊದಲ ದಿನ ಜೀಪು ಬಂದು ಶಾಲೆಯ ಮುಂದೆ ನಿಂತಿತು. ಅಪ್ಪ ಇಳಿದು, ಸುತ್ತಿಕೊಂಡು ಬಂದು, ಬಾಗಿಲು ತೆಗೆದು ಹಿಡಿದರು. ನನ್ನಷ್ಟೇ ಉದ್ದದ ಆ ಹುಡುಗ ಇಳಿದ. ಅಪ್ಪ ನನ್ನನ್ನು ಕಂಡು ಕಣ್ಣಲ್ಲೇ ನಕ್ಕರು. ನಾನು ಅವರು ಯಾರೋ ಎಂಬಂತೆ ಬೆನ್ನು ತಿರುಗಿಸಿ ಒಳಗೆ ಹೋದೆ. ಸಂಜೆ ಮನೆಯಲ್ಲಿ ಅವರು ಆ ವಿಷಯ ಎತ್ತಲಿಲ್ಲ, ಮುಂದೆಂದೂ ಎತ್ತಲಿಲ್ಲ.

ಮುಂಬಯಿಗೆ ಬಂದ ಮೇಲೆ ಬೆನ್ನು ತಿರುಗಿಸುವುದು ಇನ್ನೂ ಸುಲಭವಾಯಿತು. ತಂದೆಯವರು ಏನು ಮಾಡುತ್ತಿದ್ದರು ಅಂತ ಯಾರಾದರೂ ಕೇಳಿದರೆ “ನೀರಾವರಿ ಇಲಾಖೆಯಲ್ಲಿ ಇದ್ದರು” ಎನ್ನುತ್ತಿದ್ದೆ. ಸುಳ್ಳಲ್ಲವಲ್ಲ. ಕೇಳಿದವರು ತಾವಾಗಿಯೇ “ಓಹೋ, ಇಂಜಿನಿಯರ್ರಾ?” ಅನ್ನುತ್ತಿದ್ದರು. ನಾನು ಹೂಂ ಎನ್ನುತ್ತಿರಲಿಲ್ಲ, ಊಹೂಂ ಅಂತೂ ಎನ್ನುತ್ತಿರಲಿಲ್ಲ. ಸಾಲದ್ದಕ್ಕೆ ನಮ್ಮ ಹಾಲಿನಲ್ಲಿರುವ ಫೋಟೋದಲ್ಲಿ ಅಪ್ಪ ಕೋಟು ಹಾಕಿದ್ದಾರೆ. ಕೋಟು ಸ್ಟುಡಿಯೋದವರದು. ತೋಳು ಉದ್ದವಾಗಿ ಅಂಗೈ ಮುಚ್ಚಿದೆ, ಆದರೆ ಅಷ್ಟು ಹತ್ತಿರದಿಂದ ಯಾರು ನೋಡುತ್ತಾರೆ? ಮೇಘಾ ಹುಟ್ಟುವ ಮೊದಲೇ ಅಪ್ಪ ತೀರಿಕೊಂಡರು, ಊರಿಗೆ ಹೋಗಿಬರುವುದೂ ನಿಂತಿತು. ಅವಳಿಗೂ ತಿಳಿದಿದ್ದು ಆ ಕೋಟಿನ ಅಜ್ಜನೇ. ಮಾವನನ್ನು ಕಣ್ಣಾರೆ ಕಂಡಿದ್ದ ಸರೋಜ ಮಾತ್ರ, “ಮಗಳಿಗಾದ್ರೂ ಹೇಳ್ರೀ, ಅವ್ರೇನು ಕಳ್ತನ ಮಾಡಿದ್ರಾ?” ಅಂತ ಆಗಾಗ ಚುಚ್ಚುತ್ತಿದ್ದಳು. ಸಮಯ ಬಂದಾಗ ಹೇಳೋಣ ಅನ್ನುತ್ತಿದ್ದೆ.

ಸಮಯ ಮೇಘಾಳ ಮದುವೆಯ ಮಾತುಕತೆಯಲ್ಲಿ ಬಂದಿತ್ತು. ನಮ್ಮ ಬೀಗರು ಕರಾವಳಿಯವರು. ಚಿಕ್ಕ ವಯಸ್ಸಿನಲ್ಲಿ ಇಲ್ಲಿಗೆ ಬಂದು, ಟೇಬಲ್ ಒರೆಸಿ, ತಟ್ಟೆ ತೊಳೆದು, ಈಗ ನಾಲ್ಕು ಹೋಟೆಲಿನ ಒಡೆಯರು. ಅದನ್ನು ಸಿಕ್ಕಸಿಕ್ಕವರಿಗೆಲ್ಲ ಎದೆ ತಟ್ಟಿ ಹೇಳುತ್ತಾರೆ. ಅಂಥ ಮನುಷ್ಯ ನಮ್ಮ ಹಾಲಿನ ಫೋಟೋದ ಮುಂದೆ ನಿಂತು, ಕೈಮುಗಿದು, “ಆಫೀಸರ್ ಕಳೆ ನೋಡಿದ್ರೇ ಗೊತ್ತಾಗ್ತದೆ ಮಾರಾಯ್ರೆ. ಇಂಜಿನಿಯರಲ್ವಾ?” ಅಂದರು. ತಟ್ಟೆ ತೊಳೆದೆ ಎನ್ನಲು ನಾಚದವರ ಎದುರು ನಾನು ಬಾಯಿ ಬಿಡಲಿಲ್ಲ. “ಕಾಫಿ ತಗೊಳ್ಳಿ” ಅಂದೆ. ಅದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ರೇಗುತ್ತದೆ.

ಈಗ ಚೀಟಿಯ ಕತೆ. ಹೋದ ತಿಂಗಳು ಬೀಗರ ಕಿರಿ ಮಗಳ ರಿಸೆಪ್ಷನ್ನು, ಬಾಂದ್ರಾದ ದೊಡ್ಡ ಹಾಲಿನಲ್ಲಿ. ಹಿಂದಿನ ದಿನವೇ ಮೇಘಾ ಬಂದು ತನ್ನ ಕರಿ ಕಾರಿನ ಕೀಲಿಯನ್ನು ಟೇಬಲ್ ಮೇಲಿಟ್ಟಳು. “ಅಪ್ಪ, ಇದ್ರಲ್ಲೇ ಬಾ ಪ್ಲೀಸ್. ಆ ಡಬ್ಬಾ ಬೇಡ. ಎಲ್ಲ ಸಸುರಾಲ್‌ನವ್ರು, ಅತ್ತೆ ಮಾವ ಎಲ್ರೂ, ಗೇಟಲ್ಲೇ ನಿಂತಿರ್ತಾರೆ. ನಂಗೆ ಶರಮ್ ಆಗತ್ತೆ.” ಆ ಡಬ್ಬಾದಲ್ಲೇ ಇವಳು ಟ್ಯೂಷನ್ನಿಗೆ, ಕಾಲೇಜಿಗೆ ಹೋಗಿದ್ದು. ಸಿಟ್ಟು ಬಂತು, ಆದರೂ ಕೀಲಿ ತೆಗೆದುಕೊಂಡೆ.

ಇಂಥ ಸಮಾರಂಭಗಳಿಗೆಂದೇ ಒಂದು ಜೊತೆ ಬಟ್ಟೆ ಎತ್ತಿಟ್ಟಿದ್ದೇನೆ. ಗರಿಗರಿ ಬಿಳಿ ಶರ್ಟು, ಬಿಳಿ ಪ್ಯಾಂಟು. ನಮ್ಮ ಮಂಡ್ಯದ ಕಡೆ ಮರ್ಯಾದಸ್ಥ ಗಂಡಸು ಮದುವೆಗೆ ಹೋಗುವುದೇ ಹಾಗೆ. ಮುಂಬಯಿಯಲ್ಲಿ ಇಷ್ಟು ವರ್ಷ ಇದ್ದೂ, ಈ ಊರಿನಲ್ಲಿ ಅದು ಸಾಹೇಬರ ಡ್ರೈವರುಗಳ ಸಮವಸ್ತ್ರ ಎನ್ನುವುದು ನನ್ನ ತಲೆಗೆ ಹೊಳೆಯಲಿಲ್ಲ. ಲಾಲ್ ಛೋಟಾದಲ್ಲಿ ಹೋಗಿದ್ದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ, ಅಂಥ ಕಾರಿಗೆ ಡ್ರೈವರ್ ಇಡುವವರು ಯಾರು? ಇನ್ನು ಸರೋಜ ಧಾರವಾಡದ ಸೀರೆ ಉಟ್ಟು, ತೊಡೆಯ ಮೇಲೆ ಹಣ್ಣು, ಕಾಯಿ, ಸೀರೆಯ ತಟ್ಟೆ ಇಟ್ಟುಕೊಂಡವಳು, “ಮುಂದೆ ಬೆಲ್ಟು ಹಾಕ್ಕೊಂಡ್ರೆ ನೆರಿಗೆ ಹಾಳಾಗತ್ತೆ, ನಾನು ಹಿಂದೆ ಕೂರ್ತೀನಿ” ಅಂದಳು. ನನ್ನ ಫೋನನ್ನೂ ಅವಳ ಬ್ಯಾಗಿಗೇ ಹಾಕಿದೆ, ಬಿಳಿ ಶರ್ಟಿನ ಜೇಬು ಜೋಲುಬೀಳಬಾರದಲ್ಲ.

ಹೈವೇಯಲ್ಲಿ ನನಗೆ ದಿನಾ ಅಡ್ಡ ಬರುವ ರಿಕ್ಷಾಗಳೆಲ್ಲ ಅಂದು ಪಕ್ಕಕ್ಕೆ ಸರಿದವು. ಒಬ್ಬ ಬಸ್ಸಿನವನಂತೂ ನನಗೆ ದಾರಿ ಬಿಟ್ಟ. ಓಡಿಸುತ್ತಿದ್ದವನು ಅದೇ ನಾನು. ಖುಷಿಯಾಗಬೇಕಿತ್ತು, ಮೈಯೆಲ್ಲ ಉರಿಯಿತು.

ಹಾಲಿನ ಗೇಟಿನಲ್ಲಿ ನಿಲ್ಲಿಸಿ, ತಟ್ಟೆ ಹಿಡಿದವಳಿಗೆ ಕೈ ಖಾಲಿ ಇಲ್ಲವಲ್ಲ ಅಂತ ಇಳಿದು, ಸುತ್ತಿಕೊಂಡು ಹೋಗಿ, ನಾನೇ ಹಿಂದಿನ ಬಾಗಿಲು ತೆಗೆದೆ. ಸೆಕ್ಯೂರಿಟಿಯವನು ಸರೋಜಳಿಗೆ “ಆಯಿಯೇ ಮ್ಯಾಡಮ್” ಎಂದು ಬಾಗಿದ. ನಾಲ್ಕು ಹೆಂಗಸರು ಬಂದು ಅವಳನ್ನು ಸುತ್ತುವರಿದು ಒಳಗೆ ಕರೆದೊಯ್ದರು. ನನ್ನ ಕಡೆ ತಿರುಗಿದವನು, “ಚಾಚಾ, ಗಾಡಿ ಪೀಛೇ ಲಗಾವ್” ಅಂತ ಗುಲಾಬಿ ಚೀಟಿಯನ್ನು ಕೈಗಿಟ್ಟ.

“ಮೈ ಮೆಹಮಾನ್ ಹೂಂ,” ಅಂದೆ, ಅತಿಥಿಯ ಗತ್ತಿನಲ್ಲೇ.

“ಕಾರ್ಡ್ ದಿಖಾವ್.”

ಆಮಂತ್ರಣದ ಕಾರ್ಡು ಸರೋಜಳ ಬ್ಯಾಗಿನಲ್ಲಿ. ಫೋನೂ ಅಲ್ಲೇ. ಹಿಂದಿನಿಂದ ಹಾರ್ನುಗಳು ಶುರುವಾದವು. ಈ ಗಾಡಿ ನನ್ನ ಮಗಳದು ಅಂದೆ, ಹುಡುಗಿಯ ಅಣ್ಣನ ಮಾವ ಅಂದೆ. ಅವನು “ಹಾಂ ಹಾಂ, ಠೀಕ್ ಹೈ ಚಾಚಾ” ಅಂತ ಮುಂದಿನ ಗಾಡಿಗೆ ಕೈ ಬೀಸಿದ. ಹೊಳೆಯಲ್ಲಿ ಹುಣಸೇಹಣ್ಣು ತೊಳೆದಂತಾಯಿತು. ಗಾಡಿಯನ್ನು ಹಿಂದಕ್ಕೆ ತೆಗೆದುಕೊಂಡು ಹೋದೆ.

ಹಿಂದಿನ ಅಂಗಳದಲ್ಲಿ ನನ್ನ ಹಾಗೆಯೇ ಬಿಳಿ ಉಟ್ಟ ಇಪ್ಪತ್ತು ಮೂವತ್ತು ಜನ. ಎರಡು ಗಾಡಿಗಳ ನಡುವೆ ಜಾಗ ಇಕ್ಕಟ್ಟಾಗಿತ್ತು. ಕತ್ತು ತಿರುಗಿಸಿ ರಿವರ್ಸ್ ಹಾಕಿ, ಒಂದೇ ಸಲಕ್ಕೆ ಕೂರಿಸಿ, ಇಳಿಯುತ್ತಾ, “ಥೂ, ಇವರ ಮನೆ ಹಾಳಾಗ” ಅಂತ ಗೊಣಗಿದೆ.

“ಕನ್ನಡದವ್ರೇನ್ರಿ?” ಅಂದ ಪಕ್ಕದ ಗಾಡಿಯವನು. ನಲವತ್ತರ ಆಸುಪಾಸಿನ ಆಳು, ಹೆಸರು ಸಂಗಪ್ಪ, ಊರು ಇಂಡಿ ತಾಲೂಕಿನ ಕಡೆ. ನಮ್ಮ ಬೀಗರ ಗಾಡಿಗೇ ಎರಡು ತಿಂಗಳ ಹಿಂದೆ ಸೇರಿದವನು, ನನ್ನನ್ನೂ, ಬೇರೆ ಮನೆ ಮಾಡಿಕೊಂಡಿರುವ ಮೇಘಾಳ ಈ ಕಾರನ್ನೂ ಎಂದೂ ನೋಡಿರಲಿಲ್ಲ. “ಯಾರ ಗಾಡಿರಿ ಇದು?”

“ನಮ್ಮದೇ. ನನ್ನ ಮಗಳದು.”

ಅವನು ನಕ್ಕ. “ನಾವೂ ಹಂಗ ಅಂತೀವ್ರಿ, ನಮ್ಮ ಗಾಡಿ ಅಂತ. ಬರ್ರಿ, ಊಟಾ ಮಾಡ್ರಿ ಮೊದ್ಲ. ಒಳಗಿದ್ದವ್ರು ಹೊರಗ ಬರೂದು ಯಾವಾಗೋ ಏನೋ.”

ನನಗೆ ಸಕ್ಕರೆ ಕಾಯಿಲೆ. ಹೊತ್ತಿಗೆ ಸರಿಯಾಗಿ ತಿನ್ನದಿದ್ದರೆ ಕೈ ನಡುಗುತ್ತದೆ. ಅವನು ಅದನ್ನು ನೋಡಿದ, ಏನೂ ಕೇಳದೆ ನನ್ನ ಚೀಟಿ ತೆಗೆದುಕೊಂಡು ಹೋಗಿ, ಪಲಾವು, ಪೂರಿ, ಬಟಾಟೆ ಭಾಜಿ ತಂದುಕೊಟ್ಟ. ಅವನು ವಾಪಸು ಕೊಟ್ಟ ಅರ್ಧ ಚೀಟಿಯನ್ನು ಪ್ಯಾಂಟಿನ ಜೇಬಿಗೆ ತುರುಕಿಕೊಂಡೆ. ಮಾಡಿದ್ದುಣ್ಣೋ ಮಹರಾಯ ಅಂದುಕೊಂಡು ಶುರುಮಾಡಿದೆ. ಸ್ವಲ್ಪ ಹೊತ್ತಿನ ಮೇಲೆ ಗಮನಿಸಿದರೆ ನಾನು ಕಾರಿನ ಬಾಗಿಲಿಗೆ ಒರಗಿ, ನಿಂತೇ, ಒಂದು ಕಣ್ಣು ಗೇಟಿನ ಕಡೆಗಿಟ್ಟು ಗಬಗಬ ತಿನ್ನುತ್ತಿದ್ದೆ. ಅಪ್ಪ ಮನೆಯಲ್ಲೂ ಹಾಗೆಯೇ ಉಣ್ಣುತ್ತಿದ್ದರು. ಕೂತು ತಿನ್ನಿ ಅಂತ ಅಮ್ಮ ಬೈದರೂ ನಿಂತೇ ಉಣ್ಣುತ್ತಿದ್ದರು. ನಮ್ಮ ಜೊತೆ ಕೂರುವುದು ಅವರಿಗೆ ಬೇಕಿಲ್ಲ ಅಂತ ಆಗ ನಾನು ಮುನಿಸಿಕೊಂಡಿದ್ದೆ. ಸಾಹೇಬರು ಕರೆದುಬಿಟ್ಟಾರು ಎಂಬ ಭಯ ಅದು ಅಂತ ಅರವತ್ತೆರಡನೇ ವಯಸ್ಸಿನಲ್ಲಿ, ಪೂರಿ ಕೈಯಲ್ಲಿ ಹಿಡಿದಾಗ ತಿಳಿಯಿತು.

“ರಿವರ್ಸ್ ಹಾಕಿದ್ದ ನೋಡಿದ್ನಿರಿ, ಭಾಳ ಛಲೋ ಹಾಕ್ತೀರಿ,” ಅಂದ ಸಂಗಪ್ಪ. “ಯಾರ ಕಡೆ ಕಲ್ತ್ರಿ?”

“ನಮ್ಮಪ್ಪನ ಹತ್ತಿರ.”

“ಅವ್ರೂ ಡ್ರೈವರ್ ಏನ್ರಿ?”

“ಹೌದು. ಸರ್ಕಾರಿ ಜೀಪು ಓಡಿಸ್ತಿದ್ರು.”

ಅಷ್ಟೇ. ನಲವತ್ತು ವರ್ಷ ಬಾಯಿಂದ ಬಾರದ ಮಾತು ಪೂರಿಯ ಜೊತೆ ಸಲೀಸಾಗಿ ಬಂದಿತ್ತು. ಸಂಗಪ್ಪ, “ಸರ್ಕಾರಿ ಗಾಡಿ ಅಂದ್ರ ಭಾರಿ ಶಿಸ್ತ ಇರ್ತೈತ್ರಿ. ಅದಕ್ಕ ಮತ್ತ!” ಅಂತ ಮೆಚ್ಚಿ ತಲೆಯಾಡಿಸಿದ. ನಮ್ಮಪ್ಪನ ಕೆಲಸದ ಬಗ್ಗೆ ಒಬ್ಬರು ಮೆಚ್ಚಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅಷ್ಟರಲ್ಲಿ ದಂಡೇ ಬಂತು. ಮುಂದೆ ಬೀಗರು, ಹಿಂದೆ ಮೇಘಾ, ಅವಳ ಹಿಂದೆ ತಟ್ಟೆ ಇಳಿಸಿದ ಮೇಲಷ್ಟೇ ಗಂಡ ಇಲ್ಲದ್ದನ್ನು ಗಮನಿಸಿದ ಸರೋಜ. ನನ್ನ ಕೈಯ ಪ್ಲೇಟು ನೋಡಿ ಬೀಗರು ತಲೆ ಮೇಲೆ ಕೈಯಿಟ್ಟರು.

“ಅಯ್ಯೋ ಎಂಥದು ಮಾರಾಯ್ರೆ ಇದು! ನೀವು ಇಲ್ಲಿ ನಿಂತು ಉಣ್ಣುವುದಾ?” ಆಮೇಲೆ ಸಂಗಪ್ಪನ ಮೇಲೆ ತಿರುಗಿದರು. “ನಿನಗೆ ಕಣ್ಣಿಲ್ವಾ? ಇವರು ಯಾರು ಗೊತ್ತುಂಟಾ? ನಮ್ಮ ಬೀಗರು. ಇವರ ತಂದೆಯವರು ಆ ಕಾಲದ ದೊಡ್ಡ ಇಂಜಿನಿಯರ್!”

ಸಂಗಪ್ಪ ನನ್ನ ಮುಖ ನೋಡಿದ. ಎರಡು ನಿಮಿಷದ ಹಿಂದೆ ನಾನು ಹೇಳಿದ್ದು ಅವನ ಕಿವಿಯಲ್ಲಿ ಇನ್ನೂ ಬಿಸಿಯಾಗಿಯೇ ಇದ್ದಿರಬೇಕು. ಆದರೂ ಅವನು ತಲೆ ತಗ್ಗಿಸಿ, “ಗೊತ್ತಾಗ್ಲಿಲ್ರಿ ಸಾಹೇಬ್ರ, ತಪ್ಪಾತ್ರಿ,” ಅಂದ. ನನ್ನ ಮಾನ ಉಳಿಸಲು ಅವನು ಬೈಗುಳ ತಿನ್ನುತ್ತಿದ್ದ. ಇನ್ನು ಸುಮ್ಮನಿರಲು ನನ್ನಿಂದ ಆಗಲಿಲ್ಲ.

“ಅವನದೇನೂ ತಪ್ಪಿಲ್ಲ,” ಅಂದೆ. ದನಿ ನಾನು ಅಂದುಕೊಂಡದ್ದಕ್ಕಿಂತ ಜೋರಾಗಿಯೇ ಬಂತು. “ನಮ್ಮಪ್ಪ ಇಂಜಿನಿಯರಲ್ಲ ಬೀಗರೇ. ಡ್ರೈವರ್.”

ಈಗ ಆಕಾಶ ಕಳಚಿ ಬೀಳುತ್ತದೆ ಅಂತ ನಾನು ಕಾದೆ. ಬೀಗರ ಕಣ್ಣು ಒದ್ದೆಯಾಯಿತು. ನನ್ನ ಎಣ್ಣೆಗೈಯನ್ನು ಎರಡೂ ಕೈಯಲ್ಲಿ ಹಿಡಿದು, ಹಿಂದಿದ್ದವರ ಕಡೆ ತಿರುಗಿ, “ನೋಡಿ, ದೊಡ್ಡ ಮನುಷ್ಯರು ಅಂದ್ರೆ ಇವರು! ಡ್ರೈವರಿಗೆ ಬೇಜಾರಾಗಬಾರದು ಅಂತ ಸ್ವಂತ ತಂದೆಯನ್ನೇ ಡ್ರೈವರ್ ಅಂದ್ರಲ್ಲ!” ಅಂದರು. ಯಾರೋ ಚಪ್ಪಾಳೆಯನ್ನೂ ತಟ್ಟಿದರು. ಅಲ್ಲ, ನಿಜವಾಗಿಯೂ ಅಂತ ನಾನು ಅನ್ನುತ್ತಿದ್ದಂತೆಯೇ ಹೆಗಲು ಹಿಡಿದು ಒಳಗೆ ನಡೆಸಿಕೊಂಡು ಹೋಗಿ, ವೇದಿಕೆ ಹತ್ತಿಸಿ, ಫೋಟೋ ತೆಗೆಸಿದರು. ಆ ಫೋಟೋದಲ್ಲಿ ನಾನು ಅಳುತ್ತಿದ್ದೇನೋ ನಗುತ್ತಿದ್ದೇನೋ ನನಗೇ ತಿಳಿಯುವುದಿಲ್ಲ.

ಹೊರಡುವಾಗ ಮೇಘಾ ಕಾರಿನವರೆಗೆ ಬಂದಳು. ಸರೋಜ ಹಿಂದೆ ಕೂತಳು. ಮೇಘಾ ಮುಂದಿನ ಬಾಗಿಲು ತೆಗೆದು ನನ್ನ ಪಕ್ಕದಲ್ಲಿ ಕೂತಳು.

“ಅಪ್ಪ, ನೀನು ಹೇಳಿದ್ದು ಸಚ್ ಹೈ ನಾ?”

“ಹೂಂ.”

“ನಂಗೆ ಯಾಕೆ ಹೇಳ್ಲಿಲ್ಲ?”

ನಾನು ಏನೇನೋ ತೊದಲಿದೆ. ಇಲಾಖೆ ಅಂದೆ, ಜನ ಅಂದೆ, ಸಮಯ ಬರಲಿಲ್ಲ ಅಂದೆ. ಅವಳು ತನಗೆ ಬರುವ ಅಷ್ಟಿಷ್ಟು ಕನ್ನಡದಲ್ಲೇ, ಒಂದೊಂದೇ ಮಾತು ಹುಡುಕಿಕೊಂಡು ಹೇಳಿದಳು: “ನಾನು ನಿನ್ನ ಕಾರಿಗೆ ನಾಚ್ಕೊಂಡೆ ಅಪ್ಪ. ಸಾರಿ. ಆದ್ರೆ ನೀನು ನಿನ್ನ ಅಪ್ಪಂಗೇ ನಾಚ್ಕೊಂಡಿದ್ದೀಯಲ್ಲ.”

ಈ ಸಲ ಅವಳು ಕನ್ನಡದಲ್ಲಿಯೇ ಗೆದ್ದಳು. ಹಿಂದಿನ ಸೀಟಿನಿಂದ ಸರೋಜ ಮುಂದಕ್ಕೆ ಬಾಗಿ ಮಗಳ ಹೆಗಲು ತಟ್ಟಿದಳು.

ಅಂದಿನಿಂದ ಬೀಗರಿಗೆ ನಿಜ ಹೇಳಲು ಮೂರು ಸಲ ಹೋಗಿದ್ದೇನೆ, ನನ್ನ ಲಾಲ್ ಛೋಟಾದಲ್ಲೇ. ಆ ಕಾರನ್ನು ನೋಡಿ ಅವರು, “ಬೇಕಂತಲೇ ಇದನ್ನೇ ಇಟ್ಟುಕೊಂಡಿದ್ದೀರಲ್ಲ, ಎಂಥ ಸರಳತೆ!” ಅನ್ನುತ್ತಾರೆ. ಅಪ್ಪನ ಮಾತೆತ್ತಿದರೆ ಕಿವಿ ಮುಚ್ಚಿಕೊಂಡು ನಗುತ್ತಾರೆ. ಹೋಟೆಲಿಗೆ ಬಂದವರಿಗೆಲ್ಲ ನನ್ನ ವಿನಯದ ಕತೆ ಹೇಳುತ್ತಾರಂತೆ. ನಮ್ಮ ಮನೆಯವರನ್ನು ಬಿಟ್ಟರೆ ನನ್ನನ್ನು ನಂಬಿರುವವನು ಸಂಗಪ್ಪ ಒಬ್ಬನೇ. ಸುಳ್ಳು ಹೇಳದೆಯೇ ಊರನ್ನೆಲ್ಲ ನಂಬಿಸಿದ್ದವನಿಗೆ ಈಗ ನಿಜ ಹೇಳಿ ಒಬ್ಬರನ್ನು ನಂಬಿಸಲು ಆಗುತ್ತಿಲ್ಲ. ಸಾಕಾಗಿ ಹೋಗಿದೆ.

ಈ ಪತ್ರಿಕೆ ಬೀಗರ ಹೋಟೆಲಿನ ಗಲ್ಲಾ ಪಕ್ಕದಲ್ಲಿ ಬಿದ್ದಿರುತ್ತದೆ, ಅವರು ಕೊನೆಯ ಪುಟದವರೆಗೂ ಓದುತ್ತಾರೆ. ಅದಕ್ಕೇ ಬರೆದೆ. ಬೀಗರೇ, ಇದು ವಿನಯವಲ್ಲ, ದೊಡ್ಡತನವಂತೂ ಮೊದಲೇ ಅಲ್ಲ. ನಮ್ಮಪ್ಪನ ಹೆಸರು ಕೆಂಪಯ್ಯ. ಇಪ್ಪತ್ತೆಂಟು ವರ್ಷ ಜೀಪು ಓಡಿಸಿದರು. ಶಾಲೆಯ ಮುಂದೆ ನನ್ನನ್ನು ನೋಡಿ ನಕ್ಕವರು ಅವರೇ, ನೋಡದವನ ಹಾಗೆ ಹೋದವನು ನಾನು.